ಪುಟ್ಟನಿಂಗಮ್ಮನ ಗೋಡೆಗೆ ರಾಜ ಕೊರೆಸಿದ ಕಿಂಡಿ

ಒಂದಾನೊಂದು ಊರಿನಲ್ಲಿ ಅಂದ ತಕ್ಷಣ ಯಾವ ಊರು ಅಂತ ಕೇಳಬೇಡಿ. ಕೇಳಿದರೆ ಹೇಳಿಬಿಡ್ತೀನಿ, ಆಮೇಲೆ ನೀವೆಲ್ಲ ಬಸ್ಸು ಹತ್ತಿ ಹೊರಟುಬಿಡ್ತೀರಿ. ಆ ಊರಿನಲ್ಲಿ ಇಣುಕೇಂದ್ರ ಅಂತ ಒಬ್ಬ ರಾಜ ಇದ್ದ. ಈಗ ಟೀವಿ ಮುಂದೆ ಕೂತು ನೋಡ್ತೀರಲ್ಲ ರಿಯಾಲಿಟಿ ಶೋ, ಅದನ್ನು ಹುಟ್ಟಿಸಿದವನು ಅವನೇ. ಹುಟ್ಟಿದ್ದನ್ನು ಕಣ್ಣಾರೆ ಕಂಡವನು ನಾನೇ.

ರಾಜನಿಗೆ ಒಂದೇ ಕೊರಗು. ಅವನು ಹೋದಲ್ಲೆಲ್ಲ ಜನ ನಾಟಕ ಆಡೋರು. ಅವನು ಬಂದರೆ ಅಳುವ ಮಗು ನಗೋದು, ಕುಂಟುವ ಕತ್ತೆ ನೆಟ್ಟಗೆ ನಡೆಯೋದು, ಬಾವಿಯ ಕಪ್ಪೆ ಕೂಡ ಎದ್ದು ನಿಂತು ನಮಸ್ಕಾರ ಮಾಡೋದು.

"ಯಾರೂ ನೋಡದೆ ಇದ್ದಾಗ ಜನ ಹೇಗಿರ್ತಾರೋ ಅದನ್ನ ನಾನು ನೋಡಬೇಕು" ಅಂದ ರಾಜ.

"ಯಾರೂ ನೋಡಬಾರದು, ತಾವು ಮಾತ್ರ ನೋಡಬೇಕು. ಹಾಗಾದರೆ ಒಂದು ಕಿಂಡಿ ಬೇಕು ಮಹಾಸ್ವಾಮಿ" ಅಂದ ಮಂತ್ರಿ ತಿರುವಯ್ಯ.

ಊರಾಚೆ ಪುಟ್ಟನಿಂಗಮ್ಮನ ಮನೆ. ಅವಳೇ ಮಣ್ಣು ತುಳಿದು, ಅವಳೇ ಗೋಡೆ ಮೆತ್ತಿ ಕಟ್ಟಿದ್ದು. ಅದರ ಅಡುಗೆಮನೆ ಗೋಡೆಗೆ ಕಿಂಡಿ ಕೊರೆದರು. ಕೊರೆದ ಉಳಿಗೆ ಸಾಣೆ ಹಿಡಿದದ್ದು ಯಾರು ಅಂತೀರಿ? ಬೇಡ ಬಿಡಿ, ನನ್ನ ಬಾಯಿಂದ ನಾನೇ ಹೇಳಬಾರದು.

ಪುಟ್ಟನಿಂಗಮ್ಮ ತಿರುಗಿ ನೋಡಿದಳು. "ಗೋಡೇಲಿ ಯಾರದಪ್ಪಾ ಕಣ್ಣು?"

"ರಾಜರ ಕಣ್ಣು ಕಣಮ್ಮ" ಅಂದ ಆಚೆಯಿಂದ ತಿರುವಯ್ಯ.

"ಹೌದಾ? ಖಾರ ಹಾರೀತು, ಹುಷಾರು" ಅಂದು ಮುದ್ದೆ ತೊಳಸೋಕೆ ಕೂತಳು.

ಮುದ್ದೆ ತೊಳಸಿದಳು. ಗಂಡ ಕೆಂಚಪ್ಪ ಉಂಡ. "ಸಾರಿಗೆ ಉಪ್ಪು ಕಮ್ಮಿ ಕಣೇ" ಅಂದ. "ಉಪ್ಪು ಸರಿಯಾಗೇ ಅದೆ, ನಿನ್ನ ನಾಲಗೇನೇ ಉದ್ದ" ಅಂದಳು. ಅಷ್ಟೇ. ಬೆಕ್ಕು ಆಕಳಿಸಿತು. ಅಷ್ಟೇ.

ರಾಜ ಕುಣಿದುಬಿಟ್ಟ. "ನಿಜ! ಪೂರ್ತಿ ನಿಜ! ನನ್ನ ಅರಮನೇಲಿ ಉಪ್ಪು ಕಮ್ಮಿ ಅಂತ ಯಾರೂ ಅಂದೇ ಇಲ್ಲ!" ಊರಿಗೆ ಊರೇ ಕಿಂಡಿಯ ಮುಂದೆ ಸಾಲು ನಿಂತಿತು. ಆ ಮನೆಯ ಮುದ್ದೆ ನೋಡೋಕೆ ತಮ್ಮ ಮನೆಯ ಮುದ್ದೆ ಬಿಟ್ಟು ಬಂದರು.

ಆ ಕಾಲವೇ ಕಾಲ ಬಿಡಿ. ಏನೂ ಆಗುತ್ತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಒಂದು ತಿಂಗಳಾಯಿತು. ಸಾಲಿನಲ್ಲಿ ಒಬ್ಬ ಆಕಳಿಸಿದ. ತಿರುವಯ್ಯ ಹೆದರಿದ. ತಮಟೆಯವನನ್ನು ಕರೆಸಿದ. ಕೆಂಚಪ್ಪ "ಉಪ್ಪು ಕಮ್ಮಿ" ಅಂದರೆ ಢಂ! ಬಲಕ್ಕೆ ತಿರುಗಿ ಇನ್ನೊಮ್ಮೆ "ಉಪ್ಪು ಕಮ್ಮಿ" ಅನ್ನಬೇಕು. ಢಂ! ಎಡಕ್ಕೆ ತಿರುಗಿ ಮತ್ತೊಮ್ಮೆ. ಢಂ! ಢಂ! ಅಷ್ಟರಲ್ಲಿ ಸಾರು ಆರಿ ತಣ್ಣಗಾಗುತ್ತಿತ್ತು.

ತಮಟೆಯೂ ಹಳೆಯದಾಯಿತು. ಆಗ ಮೂವರು ತೀರ್ಪುಗಾರರು ಬಂದರು. ಒಬ್ಬ ಬೈಯೋನು, ಒಬ್ಬ ಎದ್ದು ನಿಂತು ಚಪ್ಪಾಳೆ ಹೊಡೆಯೋನು, ಒಬ್ಬಳು ಅಳೋಳು.

ಅಳೋಳು ಕೇಳಿದಳು: "ಈ ಮುದ್ದೆಯ ಹಿಂದೆ ಒಂದು ನೋವಿನ ಕತೆ ಇದೆಯಲ್ಲವೇನಮ್ಮಾ?"

"ಇಲ್ಲ ಕಣವ್ವ. ಮುದ್ದೆಯ ಹಿಂದೆ ಒಲೆ ಅದೆ."

"ಕಣ್ಣಲ್ಲಿ ನೀರು?"

"ಸೌದೆ ಹಸಿ."

ಮಾರನೇ ದಿನದಿಂದ ಅರಮನೆಯಿಂದ ದಿನಕ್ಕೊಂದು ಗಾಡಿ ಹಸಿ ಸೌದೆ ಬಂತು.

ಹೊಗೆಗೂ ಜನ ಒಗ್ಗಿಹೋದರು. ಆಗ ತಿರುವಯ್ಯ ದೊಡ್ಡ ಉಪಾಯ ಹೂಡಿದ. ವಾರಕ್ಕೊಬ್ಬರು ಮನೆ ಬಿಡಬೇಕು. ಯಾರು ಬಿಡಬೇಕೋ ಅವರ ಹೆಸರು ಕೂಗಿ ಜನ ಕಿಂಡಿಯೊಳಕ್ಕೆ ಬದನೆಕಾಯಿ ಎಸೆಯಬೇಕು. ಹೆಚ್ಚು ಬದನೆಕಾಯಿ ಬಿದ್ದವರು ಅದನ್ನು ಹೊತ್ತುಕೊಂಡು ಹೊರಡಬೇಕು. ಬದನೆಕಾಯಿ ಬೀಳದೆ ಯಾರೂ ಹೊಸಿಲು ದಾಟುವ ಹಾಗಿಲ್ಲ.

ಮೊದಲನೇ ವಾರ ಕೆಂಚಪ್ಪ ಹೋದ, ಬರೀ ಉಪ್ಪಿನ ಮಾತಾಡ್ತಾನೆ ಅಂತ. ಎರಡನೇ ವಾರ ಬೆಕ್ಕು ಹೋಯಿತು, ಅಳೋದೇ ಇಲ್ಲ ಅಂತ. ಮೂರನೇ ವಾರ ಒರಳುಕಲ್ಲು. ಅದು ಹೊಸಿಲ ಮೇಲೆ ನಿಂತು ಗದ್ಗದವಾಗಿ ಮಾತಾಡಿತು: "ಈ ಮನೇಲಿ ಎಲ್ಲರೂ ನನ್ನಲ್ಲಿ ಅರೆದರು. ಯಾರೂ ನನ್ನನ್ನ ಅರಿತುಕೊಳ್ಳಲಿಲ್ಲ." ಜನ ಬಿಕ್ಕಿಬಿಕ್ಕಿ ಅತ್ತರು. ಅತ್ತುಕೊಂಡೇ ಬದನೆಕಾಯಿ ಎಸೆದರು. ನಾಲ್ಕನೇ ವಾರ ಒಲೆ ಹೋಯಿತು.

ಐದನೇ ವಾರ ಉಳಿದವಳು ಪುಟ್ಟನಿಂಗಮ್ಮ ಒಬ್ಬಳೇ.

"ಇದು ನನ್ನ ಮನೆ ಕಣ್ರಪ್ಪಾ! ನನ್ನ ಕೈಯಾರೆ ಮೆತ್ತಿದ ಗೋಡೆ! ನನ್ನನ್ನ ಕಳಿಸೋಕೆ ನೀವ್ಯಾರು?" ಅಂತ ಕೂಗಿದಳು.

"ಆಹಾ, ಇವತ್ತು ಚೆನ್ನಾಗಿ ಮಾಡಿದಳು" ಅಂದರು ಜನ. ನೂರಾ ನಲವತ್ತು ಬದನೆಕಾಯಿ ಬಿತ್ತು.

ಮನೆ ಬರಿದಾಯಿತು. ಬರೀ ಮನೆಯನ್ನು ಯಾರು ನೋಡ್ತಾರೆ? "ನಾನೇ ಹೋಗ್ತೀನಿ!" ಅಂದ ರಾಜ. ಈಗಿನವರು ಅದಕ್ಕೆ ವೈಲ್ಡ್ ಕಾರ್ಡ್ ಅಂತಾರೆ. ರಾಜ ಒಳಗೆ ಹೋದ. ಬಾಗಿಲು ಹಾಕಿಕೊಂಡಿತು.

ಒಳಗೆ ಒಲೆ ಇಲ್ಲ, ಒರಳಿಲ್ಲ, ಮಾತಿಗೊಂದು ಬೆಕ್ಕಿಲ್ಲ. ಹೊತ್ತು ಏರಿದ ಹಾಗೆ ರಾಜನಿಗೆ ಹಸಿವು ಏರಿತು. ಹೊರಗೆ ಬರೋಣ ಅಂದರೆ ಬದನೆಕಾಯಿ ಬೀಳಬೇಕು. ರಾಜನ ಮೇಲೆ ಬದನೆಕಾಯಿ ಎಸೆದರೆ ತಲೆದಂಡ! ಕಾನೂನು ಬರೆದವನು ರಾಜನೇ.

ಮೂರು ದಿನ ಕಳೆಯಿತು. ಅಷ್ಟರಲ್ಲಿ ಕಿಂಡಿಯಿಂದ ಒಂದು ವಾಸನೆ ತೂರಿಕೊಂಡು ಬಂತು. ರಾಜ ಇಣುಕಿದ. ಎದುರಿಗೆ ಹೊಂಗೆಮರ. ಅದರ ಕೆಳಗೆ ಒಲೆ ಉರೀತಿದೆ, ಒರಳು ಮಸಾಲೆ ಅರೀತಿದೆ, ಬೆಕ್ಕು ಕಾವಲು ಕೂತಿದೆ. ಪುಟ್ಟನಿಂಗಮ್ಮ ರಾಶಿ ಬದನೆಕಾಯಿಯನ್ನು ಎಣ್ಣೆಗಾಯಿ ಮಾಡ್ತಿದ್ದಾಳೆ.

ರಾಜ ಗಳಗಳ ಅತ್ತ. "ಅಳು ಸಹಜವಾಗಿ ಬರಲಿಲ್ಲ. ಹತ್ತಕ್ಕೆ ನಾಲ್ಕು" ಅಂದಳು ಅಳೋ ತೀರ್ಪುಗಾರ್ತಿ.

"ತಾಯೀ, ನನ್ನ ಮೇಲೆ ಒಂದು ಬದನೆಕಾಯಿ ಎಸಿ" ಅಂತ ರಾಜ ಬೇಡಿಕೊಂಡ.

"ಎಸೆದರೆ ತಲೆ ಹೋಗ್ತದೆ ಸ್ವಾಮಿ" ಅಂದಳು ಪುಟ್ಟನಿಂಗಮ್ಮ. ಸೌಟು ಆಡಿಸಿದಳು. ಯೋಚನೆ ಮಾಡಿದಳು. "ಎಸೆಯೋಕಾಗಲ್ಲ, ಕೊಡಬಹುದು. ಬಂದ ನೆಂಟರನ್ನ ಬರಿಗೈಲಿ ಕಳಿಸೋದು ನಮ್ಮಲ್ಲಿ ಪದ್ಧತಿ ಅಲ್ಲ. ಹಿತ್ತಿಲ ಕಾಯಿ ನಾಲ್ಕು ಮಡಿಲಿಗೆ ಹಾಕಿ ಕಳಿಸ್ತೀವಿ."

"ಹಾಗಾದರೆ ನಾನು ನೆಂಟ! ಹಾಕು!"

"ಹೆಂಗೆ ಹಾಕಲಿ? ಮನೆ ಯಾರದು? ಮನೆಯವರೇ ಇಲ್ಲದ ಮನೆಗೆ ನೆಂಟ ಎಲ್ಲಿಂದ ಬಂದಾನು?"

ರಾಜ ತಿರುವಯ್ಯನ ಮುಖ ನೋಡಿದ. ತಿರುವಯ್ಯ ಎಣ್ಣೆಗಾಯಿಯ ಮುಖ ನೋಡುತ್ತಿದ್ದ.

"ಮನೆ ನಿಂದೇ ತಂಗೀ! ಗೋಡೆ ನಿಂದು, ಬಾಗಿಲು ನಿಂದು, ಕಿಂಡಿಯೂ ನಿಂದು!" ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದ ರಾಜ.

ಪುಟ್ಟನಿಂಗಮ್ಮ ಬಾಗಿಲು ತೆಗೆದಳು. ರಾಜನ ಉತ್ತರೀಯಕ್ಕೆ ನಾಲ್ಕು ಬದನೆಕಾಯಿ ಹಾಕಿದಳು. "ಹೋಗಿ ಬನ್ನಿ ಅಣ್ಣಾ" ಅಂದಳು. ಕಾನೂನು ಪಂಡಿತರು ಗಡ್ಡ ಕೆರೆದುಕೊಂಡರು. ಎಸೆದರೆ ತಪ್ಪು, ಮಡಿಲಿಗೆ ಹಾಕಿದರೆ ಮರ್ಯಾದೆ. ರಾಜ ಹೊರಗೆ ಬಂದ, ಹೊಂಗೆಮರದ ಕೆಳಗೆ ಹದಿನಾಲ್ಕು ಎಣ್ಣೆಗಾಯಿ ತಿಂದ.

ಪುಟ್ಟನಿಂಗಮ್ಮ ಗಂಡ, ಬೆಕ್ಕು, ಒರಳು, ಒಲೆ ಎಲ್ಲರನ್ನೂ ಒಳಗೆ ಕರೆದುಕೊಂಡಳು. ಹಸಿಮಣ್ಣು ಕಲಸಿದಳು. ಕಿಂಡಿ ಮುಚ್ಚಿ ನುಣ್ಣಗೆ ಮೆತ್ತಿದಳು.

ಊರವರೆಲ್ಲ ಗೋಡೆಗೆ ಕಿವಿ ಕೊಟ್ಟರು. ಒಳಗೆ ಕೆಂಚಪ್ಪ ಮೆಲ್ಲಗೆ ಏನೋ ಅಂದ. ಪುಟ್ಟನಿಂಗಮ್ಮ ಜೋರಾಗಿ ನಕ್ಕಳು.

ಏನಂದ? ಏಳು ಲೋಕದ ಸುದ್ದಿ ಬಲ್ಲವನು ನಾನು, ನನಗೂ ಗೊತ್ತಿಲ್ಲ.

ಕತೆಯ ನೀತಿ ಬೇಕೇಬೇಕು ಅಂದರೆ ಇಷ್ಟು: ನೆಂಟರ ಮನೆಯಲ್ಲಿ ಬದನೆಕಾಯಿ ಕೈಗೆ ಬಂತೋ, ಚಪ್ಪಲಿ ಮೆಟ್ಟಿ ಹೊರಡಬೇಕು. ಅವರು ಗೋಡೆಯೊಳಗೆ ಸುಖವಾಗಿದ್ದಾರೆ, ನಾವು ಗೋಡೆಯಾಚೆ ಸುಖವಾಗಿದ್ದೇವೆ.