ಪಂಜು ಹಿಡಿದ ಕಾವಲುಗಾರ

ಕರುಳಿನ ಗೋಡೆ ಕಾಯುತ್ತಿದ್ದ ಬಿಳಿ ರಕ್ತಕಣನಿಗೆ ಯಾರನ್ನು ಕಂಡರೂ ಅನುಮಾನ. ತುತ್ತು ಅನ್ನ ಇಳಿದರೂ ಪಂಜು ಬೀಸುತ್ತಿದ್ದ. ಗೋಡೆ ಉರಿದು ಕೆಂಪಾಗಿತ್ತು. ಒಂದು ಮಧ್ಯಾಹ್ನ ಮಜ್ಜಿಗೆಯ ಜೊತೆ ಪುಟ್ಟ ಬ್ಯಾಕ್ಟೀರಿಯಾ ಬಂದಿಳಿದಳು.

“ನಿಲ್ಲು! ಗೋಡೆಗೆ ಬೆಂಕಿ ಇಟ್ಟವಳು ನೀನೇ ತಾನೇ?”

“ನಾನು ಅಡುಗೆಯವಳು, ಅಣ್ಣಾ,” ಎಂದವಳೇ, ಯಾರಿಗೂ ಜೀರ್ಣವಾಗದೆ ಬಿದ್ದಿದ್ದ ಬಾಳೆದಿಂಡಿನ ನಾರಿಗೆ ಹುಳಿ ಬರಿಸಿ, ಅದರಿಂದ ಇಳಿದ ಕೊಬ್ಬಿನಾಮ್ಲದ ಹುಳಿರಸ ಒಂದು ಗುಟುಕು ಮುಂದಿಟ್ಟಳು.

“ಉರಿಗೆ ಹುಳಿಯೇ?” ಎಂದು ಗದರಿದರೂ, ದಣಿದಿದ್ದ ಕಾವಲುಗಾರ ಕುಡಿದೇಬಿಟ್ಟ. ಮೈ ತಣ್ಣಗಾಯಿತು, ಕೈ ಸಡಿಲಾಯಿತು, ಪಂಜು ಆರಿತು. ಗೋಡೆಯ ಕೆಂಪೂ ಇಳಿಯಿತು.

“ಬೆಂಕಿ ಇಟ್ಟವರು ಸಿಕ್ಕರೇನಪ್ಪಾ?” ಗೋಡೆ ಕೇಳಿತು.

ಕಾವಲುಗಾರ ಆರಿದ ಪಂಜನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಕ್ಕ.

“ಸಿಕ್ಕ, ಸಿಕ್ಕ. ಇನ್ನು ತಂಟೆ ಮಾಡೋಲ್ಲ ಅಂದಿದ್ದಾನೆ.”