ಮಡಿಯಲ್ಲಿ ಬಿಚ್ಚಿದ ಲ್ಯಾಪ್‌ಟಾಪ್

“ಎಲ್ಲಿ ಆಗುತ್ತೆ ಗುರುಗಳೇ? ಬಿಚ್ಚೋವಾಗ ಇದ್ದ ಸ್ಕ್ರೂ ಮುಚ್ಚೋವಾಗ ಇರಲ್ಲ. ಮುಚ್ಚಿದ ಮೇಲೆ ಉಳಿದಿರೋ ಸ್ಕ್ರೂ ಎಲ್ಲಿಂದ ಬಂತು ಅಂತ ಗೊತ್ತಿಲ್ಲ.”

ಲ್ಯಾಪ್‌ಟಾಪ್ ಸರಿಹೋಯ್ತಾ ಅಂತ ಗುರುಗಳು ಕೇಳಿದ್ದಕ್ಕೆ ಶೇಷಗಿರಿ ಕೊಟ್ಟ ಉತ್ತರ ಇದು.

ಉಣ್ಣೆಯ ಧಾಬಳಿ ಉಟ್ಟು, ಇನ್ನೊಂದನ್ನ ಹೊದ್ದು, ಆಶ್ರಮದ ಜಗಲಿ ಮೇಲೆ ಮಡಿಯಲ್ಲಿ ಕೂತಿದ್ದ. ಕೆಳಗೆ ಹೊಳೆ ತನ್ನ ಪಾಡಿಗೆ ಹೋಗ್ತಾ ಇತ್ತು. ಮಾಘದ ಒಣ ಚಳಿ.

ಗುರುಗಳ ಗಂಟಲಲ್ಲಿ ಗಡ್ಡೆ. ಮುಂದಿನ ವಾರ ಆಪರೇಷನ್. ಆಮೇಲೆ ಧ್ವನಿ ಉಳಿಯಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಈಗಲೇ ಬರೀ ಪಿಸುಮಾತು.

ಧ್ವನಿ ಚೆನ್ನಾಗಿದ್ದ ಕಾಲದ ಬೆಳಗಿನ ಪಾಠಗಳೆಲ್ಲ ಆ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ರೆಕಾರ್ಡ್ ಆಗಿದ್ದವು. ಬೇರೆ ಎಲ್ಲೂ ಇರಲಿಲ್ಲ.

ಅದಕ್ಕೂ ವಯಸ್ಸಾಗಿತ್ತು. ಆನ್ ಮಾಡಿ, ಹೊಳೆಗೆ ಹೋಗಿ ಸ್ನಾನ ಮುಗಿಸಿ ಬಂದರೂ ಇನ್ನೂ ಏಳ್ತಾನೇ ಇರ್ತಿತ್ತು. ಹೊಸ ಡಿಸ್ಕ್ ಹಾಕಿದರೆ ಚಿಗರೆ ಹಾಗೆ ಓಡುತ್ತೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದರು. ವಿಡಿಯೋದವನ ಕೈಗೆ ಎಲ್ಲ ಸ್ಕ್ರೂನೂ ಸಲೀಸಾಗಿ ಬಂದಿತ್ತು.

“ಪೇಟೆ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡ್ತೀನಿ ಅಂದ್ಯಲ್ಲ?”

“ಮಾಡಿದೆ. ಹಳೇ ಡಿಸ್ಕ್ ಈಚೆ ತೆಗೆಯೋವಾಗ ಬೆರಳಿಂದ ಚಟ್ ಅಂತ ಕಿಡಿ ಬಂತು, ಆಮೇಲೆ ಅದು ಉಸಿರೇ ಎತ್ತಿಲ್ಲ ಅಂದೆ. ಏನು ಬಟ್ಟೆ ಹಾಕ್ಕೊಂಡಿದ್ರಿ ಅಂತ ಕೇಳಿದ.”

“ಬಟ್ಟೆ ಯಾಕಂತೆ?”

“ಚಳಿಗಾಲದಲ್ಲಿ ಉಣ್ಣೆ ಮೈಗೆ ಉಜ್ಜಿದ್ರೆ ಕರೆಂಟ್ ಹುಟ್ಟುತ್ತಂತೆ. ನಮಗೆ ಚುರುಕ್ ಅಷ್ಟೇ. ಡಿಸ್ಕಿಗಾದ್ರೆ ಸಿಡಿಲು ಬಡಿದ ಹಾಗಂತೆ.”

ಗುರುಗಳು ಧಾಬಳಿಯನ್ನ ನೋಡಿದರು.

“ಅಲ್ಲಯ್ಯಾ, ಸ್ಕ್ರೂ ಬಿಚ್ಚೋಕೆ ಮಡಿ ಯಾಕೋ?”

“ಒಳಗೆ ನಿಮ್ಮ ಮಾತಿತ್ತು ಗುರುಗಳೇ. ಮೈಲಿಗೆ ಬಟ್ಟೇಲಿ ಹೇಗೆ ಮುಟ್ಲಿ?”

ಗುರುಗಳು ನಗಲಿಲ್ಲ. ನಕ್ಕರೆ ಗಂಟಲು ನೋಯ್ತಿತ್ತು.

“ಮೊದಲೇ ಒಂದು ಕಾಪಿ ಇಟ್ಕೋಬಾರದಿತ್ತಾ?”

“ಅಂಗಡಿಯವನೂ ಅದನ್ನೇ ಕೇಳಿದ. ಕಾಪಿ ಮಾಡೋವಷ್ಟು ಅದು ಚುರುಕಾಗಿದ್ದಿದ್ರೆ ನಾನ್ಯಾಕೆ ಬಿಚ್ತಿದ್ದೆ?”

“ತಂದ್ಕೊಟ್ರೆ ಏನಾದ್ರೂ ಸಿಗುತ್ತಂತಾ?”

“ಆಸೆ ಇಟ್ಕೋಬೇಡಿ ಅಂದ. ಹೊಸ ಡಿಸ್ಕ್ ಮಾತ್ರ ಬಹಳ ಚೆನ್ನಾಗಿದೆಯಂತೆ. ಖಾಲಿ ಅಲ್ವಾ, ಹಾಗೇ ಇರುತ್ತೆ.”

ಗುರುಗಳು ಸತ್ತ ಡಿಸ್ಕನ್ನ ಅಂಗೈ ಮೇಲೆ ಇಟ್ಟುಕೊಂಡರು.

“ಎಲ್ಲಾ ಇದರಲ್ಲೇ ಇತ್ತಾ?”

“ಎಲ್ಲಾ.”

“ನಾನು ಕೆಮ್ಮಿದ್ದು?”

“ಅದೂ.”

“ಶ್ಲೋಕ ಮರೆತು, ನಿನ್ನನ್ನ ಬೈದಿದ್ದು?”

“ಅದು ಬಹಳ ಇತ್ತು.”

ಗುರುಗಳು ಡಿಸ್ಕನ್ನ ಮೆಲ್ಲಗೆ ಕೆಳಗಿಟ್ಟರು. ಹೊಳೆ ಕಡೆಯಿಂದ ಗಾಳಿ ಬೀಸಿತು. ಉಳಿದಿದ್ದ ಸ್ಕ್ರೂ ಜಗಲಿಯಿಂದ ಉರುಳಿ ಹುಲ್ಲಿಗೆ ಬಿತ್ತು. ಶೇಷಗಿರಿ ಹುಡುಕಲಿಲ್ಲ.

“ಇನ್ನೊಂದು ವಾರಕ್ಕೆ ನಿಮ್ಮ ಧ್ವನಿ ಇರಲ್ಲ. ಇದ್ದದ್ದನ್ನ ನನ್ನ ಕೈಯಾರೆ ಕೊಂದೆ,” ಅಂದ. “ಇನ್ನು ನಾನು ಏನು ಕೇಳಿಸ್ಕೊಳ್ಳಲಿ? ಹೇಳಿ ಗುರುಗಳೇ.”

  

ಗುರುಗಳು ಕೈ ಚಾಚಿ, ಅವನು ಹೊದ್ದಿದ್ದ ಧಾಬಳಿಯನ್ನ ಸರ್ ಅಂತ ಎಳೆದು ತೆಗೆದರು. ಉಣ್ಣೆ ಚಿಟಿಚಿಟಿ ಅಂತು. ಶೇಷಗಿರಿಯ ಕೈ ಮೇಲಿನ ಕೂದಲೆಲ್ಲ ನೆಟ್ಟಗೆ ನಿಂತವು.

ಗುರುಗಳು ತೋರುಬೆರಳನ್ನ ಅವನ ಮೂಗಿನ ತುದಿಗೆ ತಂದರು.

ಚಟ್.

“ಅಯ್ಯಯ್ಯಪ್ಪಾ!” ಶೇಷಗಿರಿ ಹಿಂದಕ್ಕೆ ಹಾರಿ, ಗೋಡೆಗೆ ತಲೆ ಹೊಡೆಸಿಕೊಂಡು, ಮೂಗು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು. ಯಾವುದಕ್ಕೆ ಬಂತೋ, ಬಂದದ್ದು ನಿಲ್ಲಲಿಲ್ಲ.

ಗುರುಗಳು ತಮ್ಮ ಬೆರಳನ್ನ ಉಫ್ ಅಂತ ಊದಿಕೊಂಡರು. ಧಾಬಳಿಯನ್ನ ನಾಕು ಮಡಿಕೆ ಮಾಡಿ ಅವನ ತೊಡೆ ಮೇಲಿಟ್ಟರು. ಗಂಟಲಲ್ಲಿ ಉಳಿದಿದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡು ಅಂದರು:

“ಆ ಪೆಟ್ಟಿಗೆಗೆ ಒಂದೇ ಕಿಡಿ ಸಾಕಾಯ್ತು ನೋಡು, ಶೇಷ. ನಿನಗೆ ಇಷ್ಟು ವರ್ಷದಿಂದ ಕಿಡಿ ಮುಟ್ಟಿಸ್ತಾನೇ ಇದ್ದೀನಿ, ಇನ್ನೂ ಸಾಕಾಗಿಲ್ಲ.”