ಹದಿನೇಳನೆಯ ಪೆಟ್ಟಿಗೆ

ಕಪಿಲೆಯ ದಂಡೆಯ ಆ ಮಠದಲ್ಲಿ ಸಿದ್ಧಮಲ್ಲನಿಗೆ ಎರಡು ದಿನದಿಂದ ಅನ್ನ ಸೇರಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಮಠದ ನಾನೂರು ಮಕ್ಕಳು ಪ್ರಾರ್ಥನಾ ಭವನದಲ್ಲಿ ಕೂತು, ಟ್ಯಾಬ್ಲೆಟ್ಟಿನಲ್ಲಿ ಪರೀಕ್ಷೆ ಬರೆಯಬೇಕು. ನಡುವೆ ವೈಫೈ ಕಡಿದರೆ ಅವರ ಒಂದು ವರ್ಷ ಹೋದಂತೆಯೇ. ವೈಫೈ ಹೊಣೆ ಸಿದ್ಧಮಲ್ಲನದು.

ಭವನಕ್ಕೆ ಹದಿನಾರು ಹೊಸ ವೈಫೈ ಪೆಟ್ಟಿಗೆ ಬಂದಿದ್ದವು. ಅಕ್ಕಪಕ್ಕದ ಪೆಟ್ಟಿಗೆ ನೋಡಿಕೊಂಡು ತಮ್ಮ ಬಲವನ್ನು ತಾವೇ ಏರಿಸಿ ಇಳಿಸಿಕೊಳ್ಳುವಂಥವು. ಸಿದ್ಧಮಲ್ಲನೋ, ಹಗ್ಗ ಕಂಡರೂ ಹಾವೆನ್ನುವ ಜೀವ. ಆ ಏರ್ಪಾಟನ್ನು ನಂಬದೆ ನಿಲ್ಲಿಸಿ, ಹದಿನಾರನ್ನೂ ಪೂರ್ತಿ ಬಲಕ್ಕೆ ಏರಿಸಿಟ್ಟ.

ಬೆಳಿಗ್ಗೆ ಪರೀಕ್ಷಿಸಿ ನೋಡಿದರೆ ಅರ್ಧಕ್ಕರ್ಧ ಟ್ಯಾಬ್ಲೆಟ್ಟಿನಲ್ಲಿ ಪ್ರಶ್ನೆಪತ್ರಿಕೆಯೇ ತೆರೆಯಲಿಲ್ಲ. ಹಿರಿಯ ಸ್ವಾಮಿಗಳ ಹತ್ತಿರ ಓಡಿದ.

"ಬುದ್ಧೀ, ಇನ್ನೂ ಎಂಟು ಪೆಟ್ಟಿಗೆ ಬೇಕು. ಈಗಲೇ ಜೀಪು ಕಳಿಸಿದ್ರೆ..."

"ಇರೋವು ಏನ್ ಮಾಡ್ತಾ ಇವೆ?"

"ಎಲ್ಲಾನೂ ಪೂರ್ತಿ ಬಲದಲ್ಲಿ ಬಿಟ್ಟಿದ್ದೀನಿ ಬುದ್ಧಿ. ಆದ್ರೂ ಮಕ್ಕಳಿಗೆ ಮುಟ್ತಾ ಇಲ್ಲ."

"ದಾಸೋಹದ ಹೊತ್ತಾಯ್ತು, ಬಾರಪ್ಪ."

ಆ ಮಠದ ಪಂಕ್ತಿಯಲ್ಲಿ ಒಂದು ರೂಢಿ. ಬಡಿಸುವವರು ತಮ್ಮ ಸಾಲಿಗಷ್ಟೇ ಕೇಳುವಂತೆ, ಮೆಲ್ಲಗೆ, "ಸಾರು, ಮಜ್ಜಿಗೆ" ಎನ್ನುತ್ತ ಹೋಗುತ್ತಾರೆ. ಅಂದು ಸ್ವಾಮಿಗಳು ಅವರನ್ನೆಲ್ಲ ಕರೆದು ಹೇಳಿದರು: "ಇವತ್ತು ಯಾರೂ ಹಸಿದು ಏಳಬಾರದು. ಮೂಲೆಮೂಲೆಗೂ ಮುಟ್ಟೋ ಹಾಗೆ ಕೂಗಿ."

ಹದಿನಾರು ಗಂಟಲು ಒಟ್ಟಿಗೆ ಎದ್ದವು. ಈ ಸಾಲಿನ ಮಗು ಆ ಸಾಲಿನವನ ಕೂಗಿಗೆ ಕೈಯೆತ್ತಿತು. ಮಜ್ಜಿಗೆ ಕೇಳಿದವಳ ತಟ್ಟೆಗೆ ಸಾರು ಬಿತ್ತು. ಸಾಕು ಸಾಕು ಎಂದವನಿಗೆ ಮುದ್ದೆ ಮೇಲೆ ಮುದ್ದೆ. ಕೊನೆಯ ಸಾಲಿನವರು ಖಾಲಿ ತಟ್ಟೆ ಹಿಡಿದು ಬಾಯಿ ಬಾಯಿ ಬಿಟ್ಟರು.

"ಬುದ್ಧೀ, ನಿಲ್ಲಿಸೋಕೆ ಹೇಳಿ! ಮಕ್ಕಳು ಹಸ್ಕೊಂಡಿದ್ದಾವೆ!"

"ಇನ್ನೂ ಎಂಟು ಜನ ಬಡಿಸೋರನ್ನ ಕರೆಸ್ಲಾ?"

ಸಿದ್ಧಮಲ್ಲ ನಾಚಿ ನೀರಾದ. ಊಟವನ್ನೂ ಮಾಡದೆ ಭವನಕ್ಕೆ ಓಡಿ, ಪೆಟ್ಟಿಗೆಗಳ ಬಲವನ್ನು ಮತ್ತೆ ಅವುಗಳ ಪಾಡಿಗೇ ಬಿಟ್ಟ. ಒಂದೊಂದೇ ತಣ್ಣಗೆ ತಗ್ಗಿತು. ಟ್ಯಾಬ್ಲೆಟ್ಟುಗಳು ಒಂದರ ಹಿಂದೊಂದು ತೆರೆದುಕೊಂಡವು.

ಎರಡಕ್ಕೆ ಪರೀಕ್ಷೆ ಶುರುವಾಯಿತು. ಆದರೂ ಅವನಿಗೆ ಸಮಾಧಾನವಿಲ್ಲ. ಸಾಲು ಸಾಲಿಗೂ ಬಗ್ಗಿ ಬಗ್ಗಿ ಕೇಳತೊಡಗಿದ.

"ಬರ್ತಾ ಇದೆಯೇನವ್ವ? ಕಡೀಲಿಲ್ವಲ್ಲ? ನಿಂದು? ನಿಂದು ಸರಿಯಾಗಿದ್ಯಾ?"

ಒಬ್ಬ ಹುಡುಗಿ ಬರೆಯುತ್ತಿದ್ದ ಉತ್ತರವನ್ನೇ ಮರೆತು, ಅಳು ಮೋರೆ ಮಾಡಿ ಅವನನ್ನು ನೋಡಿದಳು.

ಬಾಗಿಲಲ್ಲಿ ನಿಂತಿದ್ದ ಸ್ವಾಮಿಗಳು ಕೈಸನ್ನೆ ಮಾಡಿ ಕರೆದರು.

"ಪೆಟ್ಟಿಗೆಗಳು ಹೇಗಿವೆಯಪ್ಪ?"

"ಹದಿನಾರೂ ತಗ್ಗಿವೆ, ಬುದ್ಧಿ."

"ಹದಿನೇಳನೇದು ಇನ್ನೂ ಕೂಗ್ತಾ ಇದೆ. ಬಾ, ಹೊರಗೆ ಕೂತ್ಕೊಂಡು ಉಣ್ಣು."